ಅಡಿಕೆ ತೋಟದ ನೆರಳಿಗೆ ಯಾವ ಕಳ್ಳಿ, ಯಾವ ಸಕ್ಯುಲೆಂಟ್?

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಮನೆಗಳಲ್ಲಿ ಅಂಗಳ ದಾಟಿದರೆ ತೋಟ. ಬೆಳಿಗ್ಗೆ ಒಂದೆರಡು ಗಂಟೆ ಬಿಸಿಲು, ಆಮೇಲೆ ಸೋಗೆಯ ಎಡೆಯಿಂದ ಬೀಳುವ ಚುಕ್ಕಿ ಬೆಳಕು ಅಷ್ಟೇ. ಇಂಥ ಕಡೆ ಕ್ಯಾಕ್ಟಸ್ (ಕಳ್ಳಿ) ಆಗಲಿ, ದಪ್ಪ ಎಲೆ, ದಂಟಿನಲ್ಲಿ ನೀರು ಕೂಡಿಡುವ ಸಕ್ಯುಲೆಂಟ್ ಆಗಲಿ ಆಗುವುದಿಲ್ಲ ಅಂತ ತುಂಬಾ ಜನ ಕೈಬಿಟ್ಟಿದ್ದಾರೆ. ಆಗುತ್ತದೆ. ಗಿಡ ಆರಿಸುವಾಗ ನೋಡಿ ಆರಿಸಬೇಕು.

ಮೊದಲು ಬೇಡದ್ದು ಹೇಳುತ್ತೇನೆ. ಗುಲಾಬಿ ಹೂವಿನ ಹಾಗೆ ಎಲೆ ಸುತ್ತಿಕೊಂಡಿರುವ ಎಚೆವೇರಿಯಾ ಚಂದ ಕಂಡಿತು ಅಂತ ತರಬೇಡಿ. ನಾನು ಒಂದು ಮೇ ತಿಂಗಳಲ್ಲಿ ನಾಲ್ಕು ತಂದಿದ್ದೆ. ಜೂನ್ ಕೊನೆಗೆ ಅವು ಬೆಳಕು ಹುಡುಕುತ್ತಾ ಬೆರಳುದ್ದ ಕತ್ತು ಚಾಚಿದವು, ಎಲೆ ಎಲೆಯ ನಡುವೆ ಬರೀ ದಂಟು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಒಂದು ದಿನ ಬುಡ ಮುಟ್ಟಿದರೆ ಬೇಯಿಸಿದ ಬಾಳೆಹಣ್ಣಿನಷ್ಟು ಮೆತ್ತಗೆ. ತುಂಬಾ ಬೇಜಾರಾಯಿತು. ಅದು ಹೆಚ್ಚಾಗಿ ಮೆಕ್ಸಿಕೋದ ಬೆಟ್ಟಗಳ ಗಿಡ, ಅದಕ್ಕೆ ಬಿಸಿಲೂ ಬೇಕು, ತಂಪು ರಾತ್ರಿಯೂ ಬೇಕು. ಎರಡೂ ನಮ್ಮಲ್ಲಿ ಇಲ್ಲ. ಅಡೆನಿಯಂ, ಚೆಂಡಿನಂಥ ಮುಳ್ಳಿನ ಕಳ್ಳಿ ಇವಕ್ಕೂ ತೆರೆದ ಟೆರೇಸೇ ಸರಿ.

ಎಲ್ಲಾ ಕಳ್ಳಿಯೂ ಮರುಭೂಮಿಯದ್ದಲ್ಲ. ಮರದ ಕೊಂಬೆಯ ಮೇಲೆ ಕೂತು, ಎಲೆಯ ಎಡೆಯ ಬೆಳಕಲ್ಲೇ ಬದುಕುವ ಕಾಡಿನ ಕಳ್ಳಿಗಳಿವೆ. ನಾವು ಬ್ರಹ್ಮಕಮಲ ಅಂತ ಕರೆಯುವ, ಮಲಯಾಳದವರು ನಿಶಾಗಂಧಿ ಅನ್ನುವ ಗಿಡ ಇದೆಯಲ್ಲ, ಅದೂ ಕಳ್ಳಿಯೇ, ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ್ದು. (ಹಿಮಾಲಯದ ಬ್ರಹ್ಮಕಮಲ ಬೇರೆ ಗಿಡ.) ಅದರಲ್ಲಿ ನಾವು ಎಲೆ ಅಂದುಕೊಳ್ಳುವುದು ಚಪ್ಪಟೆಯಾದ ಕಾಂಡ, ಹಾಗಾಗಿ ಮೊಗ್ಗು ಅದರ ಅಂಚಿನಿಂದಲೇ ಹೊರಡುತ್ತದೆ. ನೆರಳಿನ ಮನೆಗೆ ಮೊದಲ ಗಿಡ ಇದೇ ಆಗಲಿ. ಎರಡನೆಯದು ರಿಪ್ಸಾಲಿಸ್, ಹಸಿರು ದಾರದ ಗೊಂಚಲಿನಂತೆ ಜೋತು ಬೀಳುತ್ತದೆ, ಮುಳ್ಳು ಇಲ್ಲವೆಂದೇ ಹೇಳಬಹುದು. ಉಳಿದ ಕಳ್ಳಿಗಳೆಲ್ಲ ಅಮೆರಿಕ ಖಂಡದವು, ಇದರ ಒಂದು ಜಾತಿ ಮಾತ್ರ ಆಫ್ರಿಕಾ, ಶ್ರೀಲಂಕಾದ ಕಾಡುಗಳಲ್ಲೂ ತಾನಾಗಿ ಬೆಳೆಯುತ್ತದೆ. ಶ್ರೀಲಂಕಾದ ಸೆಖೆ ತಡೆದದ್ದು ನಮ್ಮ ಸೆಖೆಯನ್ನೂ ತಡೆಯುತ್ತದೆ, ಅಲ್ವಾ?

ಸಕ್ಯುಲೆಂಟ್‌ಗಳಲ್ಲಿ ನನಗೆ ಹಾವರ್ಥಿಯಾ ಮೇಲೆ ಜಾಸ್ತಿ ಪ್ರೀತಿ. ದಕ್ಷಿಣ ಆಫ್ರಿಕಾದಲ್ಲಿ ಪೊದೆಯ ಅಡಿ, ಕಲ್ಲಿನ ಸಂದಿಯಲ್ಲಿ ಬೆಳೆಯುವ ಗಿಡ. ಕೆಲವು ಜಾತಿಗಳ ಎಲೆಯ ತುದಿಯನ್ನು ಬೆಳಕಿಗೆ ಹಿಡಿದು ನೋಡಿ, ಗಾಜಿನಂತೆ ಪಾರದರ್ಶಕ ಇರುತ್ತದೆ. ಆ ಕಿಟಕಿಯಿಂದ ಬೆಳಕು ಎಲೆಯ ಒಳಗೆ ಇಳಿಯುತ್ತದೆ. ಗ್ಯಾಸ್ಟೀರಿಯಾ, ಸ್ನೇಕ್ ಪ್ಲಾಂಟ್, ಹೋಯಾ ಬಳ್ಳಿ ಕೂಡ ಸರಿಹೋಗುತ್ತವೆ. ಹೋಯಾದ ಕೆಲವು ಜಾತಿಗಳು ನಮ್ಮ ಪಶ್ಚಿಮ ಘಟ್ಟದಲ್ಲೇ ಇವೆ.

ಜಾಗ ಗೊತ್ತುಮಾಡುವ ಉಪಾಯ ಸುಲಭ. ಮಧ್ಯಾಹ್ನ ಗಿಡ ಇಡುವಲ್ಲಿ ಬಿಳಿ ಕಾಗದ ಇಟ್ಟು ಒಂದು ಗೇಣು ಮೇಲೆ ಕೈ ಹಿಡಿಯಿರಿ. ನೆರಳಿನ ಅಂಚು ಮಸುಕಾಗಿದ್ದು ಬೆರಳು ಗುರುತಾದರೆ ಈ ಗಿಡಗಳಿಗೆಲ್ಲ ಸಾಕು. ಕೈಯ ನೆರಳೇ ಕಾಣದಿದ್ದರೆ ಅಲ್ಲಿ ಸ್ನೇಕ್ ಪ್ಲಾಂಟ್ ಮಾತ್ರ. ಒಂದು ಸಲ ನೋಡಿದರೆ ಸಾಲದು. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನಮಗೆ ಉತ್ತರದ ಕಡೆ ಇರುತ್ತಾನೆ, ಹಾಗಾಗಿ ಡಿಸೆಂಬರಿನಲ್ಲಿ ತಂಪಾಗಿದ್ದ ಉತ್ತರದ ಜಗಲಿಯ ಅಂಚಿಗೆ ಮೇ ತಿಂಗಳಲ್ಲಿ ಬಿಸಿಲು ಹೊಡೆದು ಎಲೆ ಸುಡಬಹುದು.

ನಿಜವಾದ ಕಷ್ಟ ನೆರಳಿನಿಂದಲ್ಲ, ನೀರಿನಿಂದ. ವರ್ಷಕ್ಕೆ 3,000 ಮಿಲ್ಲಿಮೀಟರ್ ದಾಟುವ ಮಳೆ ನಮ್ಮದು, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನೆರಳಲ್ಲಿ ಮಣ್ಣು ಆರುವುದೂ ನಿಧಾನ. ತೋಟದ ಕೆಂಪು ಮಣ್ಣನ್ನು ಹಾಗೇ ತುಂಬಿಸಿದರೆ ಗಟ್ಟಿಯಾಗಿ ನೀರು ಹಿಡಿದುಕೊಳ್ಳುತ್ತದೆ. ನಾನು ಮಣ್ಣು ಒಂದು ಪಾಲು ಹಾಕಿದರೆ ಹೊಳೆಯ ದಪ್ಪ ಹೊಯಿಗೆ (ಮರಳು), ಮುರಕಲ್ಲಿನ (ಕೆಂಪುಕಲ್ಲಿನ) ಚೂರು, ಕರಟದ ಇದ್ದಿಲು ಸೇರಿಸಿ ಎರಡು ಪಾಲು ಹಾಕುತ್ತೇನೆ. ಸಮುದ್ರದ ಹೊಯಿಗೆ ಬೇಡ, ಉಪ್ಪಿರುತ್ತದೆ. ಬ್ರಹ್ಮಕಮಲ, ರಿಪ್ಸಾಲಿಸ್‌ಗೆ ಮಾತ್ರ ಕೊಳೆತ ಎಲೆಗೊಬ್ಬರ, ಚೆನ್ನಾಗಿ ನೆನೆಸಿ ತೊಳೆದ ತೆಂಗಿನ ಸಿಪ್ಪೆಯ ತುಂಡು ಸೇರಿಸಿ, ಅವು ಮರದ ಮೇಲಿನ ಗಿಡಗಳು ತಾನೇ. ಮಣ್ಣಿನ ಚಟ್ಟಿ ಪ್ಲಾಸ್ಟಿಕ್‌ಗಿಂತ ಒಳ್ಳೆಯದು.

ಮಳೆ ಶುರುವಾಗುವ ಮೊದಲೇ ಚಟ್ಟಿಗಳನ್ನು ಮಾಡಿನ ನೀರು ಸಿಡಿಯದ ಕಡೆಗೆ ಸರಿಸಿ, ಅಡಿಗೆ ಎರಡು ಹಂಚಿನ ತುಂಡು ಕೊಟ್ಟು ಎತ್ತರಿಸಿ. ಹಾವರ್ಥಿಯಾಕ್ಕೆ ಆ ನಾಲ್ಕು ತಿಂಗಳು ಹೆಚ್ಚುಕಡಿಮೆ ನೀರೇ ಬೇಡ. ಅನುಮಾನ ಬಂದರೆ ಈರ್ಕಿಲು (ತೆಂಗಿನ ಗರಿಯ) ಕಡ್ಡಿ ಬುಡದವರೆಗೆ ಚುಚ್ಚಿ ತೆಗೆಯಿರಿ, ಮಣ್ಣು ಅಂಟಿಕೊಂಡು ಬಂದರೆ ಸುಮ್ನೆ ಬಿಡಿ. ಅಡಿಕೆಗೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಯುವ ದಿನ ಮೇಲೊಂದು ಪ್ಲಾಸ್ಟಿಕ್ ಹೊದೆಸಿ, ಇಲ್ಲದಿದ್ದರೆ ಎಲೆ ಮೇಲೆ ನೀಲಿ ಕಲೆ ಕೂರುತ್ತದೆ.

ಹೊಸ ಗಿಡ ತರುವುದಾದರೆ ಮಳೆ ಕಳೆದ ಮೇಲೆ, ನವೆಂಬರ್ ಹೊತ್ತಿಗೆ ತನ್ನಿ. ಬ್ರಹ್ಮಕಮಲ ಕೊಳ್ಳಬೇಕಾಗಿಲ್ಲ, ನೆರೆಮನೆಯಲ್ಲಿ ಇದ್ದೇ ಇರುತ್ತದೆ. ಗೇಣುದ್ದ ತುಂಡು ಕೇಳಿ ತನ್ನಿ, ಕೊಯ್ದ ಜಾಗ ಒಣಗಲು ಮೂರ್ನಾಲ್ಕು ದಿನ ಜಗಲಿಯಲ್ಲಿ ಬಿಡಿ, ಆಮೇಲೆ ಎರಡು ಬೆರಳಿನಷ್ಟು ಆಳಕ್ಕೆ ಊರಿ.