ತೋಟದ ಗಡಿ ಅಳೆಯುವುದಾದರೆ ಬೆಳಿಗ್ಗೆ ಅಳೆಯಿರಿ
ತೀರ್ಥಹಳ್ಳಿ ಕಡೆ ಅಡಿಕೆ ತೋಟದ ಗಡಿಯನ್ನು ಜಿಪಿಎಸ್‌ನಲ್ಲಿ ಗುರುತಿಸಬೇಕಾ? ಕತ್ತಲಾದ ಮೇಲೆ ಖಂಡಿತ ಬೇಡ. ಒಂದು ಮಾರ್ಚ್ ರಾತ್ರಿ ಎಂಟೂವರೆಗೆ, ಮೋಡವೇ ಇಲ್ಲದ ಅಂಗಳದಲ್ಲಿ, ನನ್ನ ರಿಸೀವರ್ ಹಿಡಿದಿದ್ದ ಉಪಗ್ರಹಗಳು 14ರಿಂದ 6ಕ್ಕೆ ಇಳಿದವು.

ಸುಮಾರು 20,200 ಕಿ.ಮೀ. ಮೇಲಿಂದ ಬರುವ ಸಿಗ್ನಲ್ ಅಯಾನುಗೋಳ ದಾಟಬೇಕು ಅಲ್ವಾ, ಅದು ಬಿಸಿಲಿಗೆ ಗಾಳಿಯ ಕಣಗಳು ಒಡೆದು ವಿದ್ಯುತ್ ತುಂಬಿಕೊಂಡ ಪದರ, ಸೂರ್ಯ ಮುಳುಗಿದ ಮೇಲೆ ನಮ್ಮಂಥ ದಕ್ಷಿಣದ ಊರುಗಳ ಮೇಲೆ ಅದರಲ್ಲಿ ಗುಳ್ಳೆಗಳೆದ್ದು ಸಿಗ್ನಲ್ ನಕ್ಷತ್ರದಂತೆ ಮಿನುಗುತ್ತದೆ. ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಜಾಸ್ತಿ.

ಎಲ್1, ಎಲ್5 ಎಂಬ ಎರಡು ಬೇರೆ ಬೇರೆ ಆವರ್ತನದ ಸಿಗ್ನಲ್‌ಗಳನ್ನೂ ಹಿಡಿಯುವ ರಿಸೀವರ್, ಆ ಪದರದಲ್ಲಿ ಸಿಗ್ನಲ್ ತಡವಾಗುವುದನ್ನು ಸರಿಪಡಿಸುತ್ತದೆ, ಮಿನುಗುವುದನ್ನಲ್ಲ. ಮೊದಲು ರಿಸೀವರನ್ನು, ಸ್ಥಾನ ಗೊತ್ತಿರುವ ಗಡಿಕಲ್ಲಿನ ಮೇಲಿಟ್ಟು ನೋಡಿ. ಅಂಕಿ ಅಲುಗಾಡಿದರೆ ನಿಲ್ಲಿಸಿ, ಮರುದಿನ ಬೆಳಿಗ್ಗೆ ಅದೇ ಕಲ್ಲಿನಿಂದ ಶುರು ಮಾಡಿ.