ಪಿಂಕ್ ಫ್ಲಾಯ್ಡ್ ಮೊದಲೆರಡು ವರ್ಷದ 27 ಹಾಡು: ಕೊನೆಗೂ ನಿಂತ ನನ್ನ ಲಿಸ್ಟು

ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ ಮೊದಲ ಗಾಯಕ ಸಿಡ್ ಬ್ಯಾರೆಟ್ ಕಾಲದ ಆಸುಪಾಸಿನ ಹಾಡುಗಳನ್ನ ರ‍್ಯಾಂಕ್ ಮಾಡ್ತೀನಿ ಅಂದಾಗ ನಮ್ಮ ಗ್ಯಾಂಗಲ್ಲಿ ಎಲ್ಲಾರೂ ನಕ್ಕಿದ್ರು. "ಮಗಾ, ಡಾರ್ಕ್ ಸೈಡ್ ಆಲ್ಬಮ್ಮಿಗಿಂತ ಮುಂಚಿಂದೆಲ್ಲಾ ಬರೀ ರಿಹರ್ಸಲ್ಲು ಕಣೋ" ಅಂದ ಒಬ್ಬ. "ಇವತ್ತಿನ ಲಿಸ್ಟು ನಾಳೆ ಉಲ್ಟಾ ಹೊಡೀತದೆ, ಬರೆದಿಟ್ಕೋ" ಅಂದ ಇನ್ನೊಬ್ಬ. ಈಗ ನೋಡಿ, ಐದಾರು ತಿಂಗಳು ಬಿಟ್ಟು ಹಳೇ ಲಿಸ್ಟು ಮುಟ್ಟದೆ ಮತ್ತೆ ಮೊದಲಿಂದ ಮಾಡಿದೀನಿ, ಮೇಲಿನ ಐದು ಅವೇ ಐದು, ಮೂರು-ನಾಲ್ಕು ಮಾತ್ರ ಅದಲು ಬದಲು.

ತಗೊಂಡಿದ್ದು 1967-68ರಲ್ಲಿ ಹೊರಗೆ ಬಂದಿದ್ದಷ್ಟೇ. ಮೊದಲ ಆಲ್ಬಮ್ ಪೈಪರ್‌ದು 11, ಎರಡನೇ ಆಲ್ಬಮ್ ಸಾಸರ್‌ಫುಲ್‌ದು 7, ಆಲ್ಬಮ್ಮಿಗೆ ಸೇರದ ಸಿಂಗಲ್ಸು, ಅವುಗಳ ಹಿಂಬದಿಯ ಬಿ-ಸೈಡು ಹಾಡು ಸೇರಿ 9. ವೆಜಿಟಬಲ್ ಮ್ಯಾನ್ ಯಾಕಿಲ್ಲ ಅಂತ ಕೇಳ್ಬೇಡಿ, ಅದು ಅಫಿಷಿಯಲ್ಲಾಗಿ ಬಂದಿದ್ದೇ 2016ರ ಬಾಕ್ಸ್ ಸೆಟ್‌ನಲ್ಲಿ.

ಮೊದಲು ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್ ಹಾಕಿದೆ, ಎಲ್ಲದಕ್ಕೂ ಏಳೂವರೆ ಎಂಟು ಬಂದು ಕೂತ್ಕೊಂತು, ದಂಡ. ಆಮೇಲೆ ಎರಡೆರಡು ಹಾಡು ಕುಸ್ತಿಗೆ ಬಿಡೋಣ ಅಂದ್ರೆ 27ಕ್ಕೆ 351 ಜೋಡಿ ಆಗತ್ತೆ, ಅಷ್ಟು ಕೇಳೋಕೆ ಕೆಲಸ ಬಿಡಬೇಕು. ಶಫಲ್ ಹಾಕಿದ್ರೆ ಇನ್ನೊಂದು ರಗಳೆ, ರೀಮಾಸ್ಟರ್ ಆಗಿರೋದು (ಆಮೇಲೆ ಸದ್ದು ತಿದ್ದಿ ಬಿಟ್ಟಿದ್ದು) ಜೋರಾಗಿರತ್ತೆ, ಜೋರಾಗಿರೋದೇ ಗೆಲ್ಲತ್ತೆ.

ದುಡ್ಡಿನ ವಿಷ್ಯ. ಡ್ಯಾಕಿಗೆ (ಡಿಜಿಟಲ್ ಹಾಡನ್ನ ಸ್ಪೀಕರ್ ಕಡೆಗೆ ಸದ್ದಾಗಿ ಕಳಿಸೋ ಡಬ್ಬಿ) ಸುಮಾರು 9 ಸಾವಿರ, ಮೋನೋ (ಎಡ-ಬಲ ಬೇರೆ ಮಾಡದ ಒಂದೇ ಸದ್ದು) ಕೇಳೋ ಕಾರ್ಟ್ರಿಡ್ಜಿಗೆ, ಅಂದ್ರೆ ಪ್ಲೇಟ್ ಓದೋ ಸೂಜಿ ಭಾಗಕ್ಕೆ, 11ರ ಹತ್ರ, ಪೈಪರ್ ಮೋನೋ ಎಲ್‌ಪಿ ಹೊರಗಿಂದ ತರಿಸಿದ್ದಕ್ಕೆ ಡ್ಯೂಟಿ ಸೇರಿ 5 ಚಿಲ್ರೆ. ಒಬ್ಬ ಸೆಲ್ಲರ್ ಮಿಂಟ್ (ಹೊಸದರ ಥರ) ಅಂತ ಹೇಳಿ ಬೆಂಡಾಗಿರೋ ಪ್ಲೇಟ್ ಕಳಿಸಿ 3 ಸಾವಿರ ನುಂಗ್ದ. ಮನೇಲಿ ಹೇಳಿರೋ ಲೆಕ್ಕ ಬೇರೆ ಬಿಡಿ.

ಆದ್ರೆ ಮೋನೋಗೆ ಸುರಿದ ದುಡ್ಡು ವಾಪಸ್ ಬಂತು ಅಂತಲೇ ನನ್ನ ವಾದ. ಸೀ ಎಮಿಲಿ ಪ್ಲೇ ಹಾಡಿಗೆ ನಿಜವಾದ ಸ್ಟೀರಿಯೋ ಮಿಕ್ಸೇ ಇಲ್ಲ, ರೆಲಿಕ್ಸ್ ಅನ್ನೋ ಕಲೆಕ್ಷನ್ನಲ್ಲಿ ಇದ್ದಿದ್ದು ಮೋನೋನೇ ಎಳೆದು ಅಗಲ ಮಾಡಿದ್ದು. ಅದನ್ನ ಕೇಳಿ ಎಮಿಲಿ ಸಪ್ಪೆ ಅನ್ನೋರಿಗೆ ನಾನೇನೂ ಹೇಳಲ್ಲ. ಇಂಟರ್‌ಸ್ಟೆಲ್ಲರ್ ಓವರ್‌ಡ್ರೈವ್ ಮಾತ್ರ ಉಲ್ಟಾ, ಸ್ಟೀರಿಯೋನಲ್ಲಿ ಕೊನೆಗೆ ಗಿಟಾರು ಎಡಕ್ಕೂ ಬಲಕ್ಕೂ ಹಾರೋದೇ ಮಜಾ, ಮೋನೋನಲ್ಲಿ ಆ ಆಟವೇ ಇಲ್ಲ.

ಕೊನೆಗೆ ಕೈ ಹಿಡಿದಿದ್ದು ಸಿಂಪಲ್ ದಾರಿ. ಹೊಸ ಹಾಡು ಬಂದ್ರೆ ಲಿಸ್ಟಿನ ನಟ್ಟನಡುವೆ ಇರೋದರ ಜೊತೆ ಬಿಡೋದು, ಗೆದ್ರೆ ಮೇಲಿನ ಅರ್ಧದ ನಡುವೆ, ಸೋತ್ರೆ ಕೆಳಗಿನ ಅರ್ಧದ ನಡುವೆ, ಹಿಂಗೇ ನಾಲ್ಕೈದು ಸುತ್ತಲ್ಲಿ ಜಾಗ ಸಿಕ್ಕೇಬಿಡತ್ತೆ. 351 ಇದ್ದಿದ್ದು ನೂರರ ಆಸುಪಾಸಿಗೆ ಇಳೀತು. ಹಾಡು ಪೂರ್ತಿ ಕೇಳ್ಬೇಕು, ದಿನಕ್ಕೆ ನಾಲ್ಕು ಜೋಡಿ ಮೇಲೆ ಬೇಡ, ವಾಲ್ಯೂಮ್ ಮೀಟರ್ ಇಟ್ಟು ಸಮ ಮಾಡ್ಕೊಳ್ಳಿ. ಯಾವ ಹಾಡಿಂದ ಶುರು ಮಾಡ್ಬೇಕು ಅನ್ನೋದರಲ್ಲಿ ಒಂದು ಕಿತಾಪತಿ ಇದೆ, ಅದನ್ನ ಹೇಳಲ್ಲ.

ನಡುವೆ ತಲೆ ಕೆಟ್ಟು ಫೋನಲ್ಲಿ ತಂಬೂರ ಆ್ಯಪ್ ಹಾಕಿ ಮೇಲೆ ಹಾಡು ಬಿಟ್ಟೆ. ಸೆಟ್ ದ ಕಂಟ್ರೋಲ್ಸ್ ಶ್ರುತಿ ಹಿಡ್ಕೊಂಡು ಕೂತ್ಬಿಡ್ತು, ಹೆಚ್ಚುಕಡಿಮೆ ಒಂದೇ ಆಧಾರದ ಮೇಲೆ ಓಡೋ ಹಾಡಲ್ವಾ. ಬೈಕ್ ಅನ್ನೋ ಹಾಡು ಹಾಕಿದ್ರೆ ಅಮ್ಮ ರೂಮಿಗೆ ಬಂದು "ಏನೋ ಅದು, ಆಫ್ ಮಾಡೋ" ಅಂದ್ರು. 2002ರಲ್ಲಿ ಬೆಂಗಳೂರಿಗೂ ಬಂದ ಬ್ಯಾಂಡಿನ ಬಾಸ್ ಗಿಟಾರಿಸ್ಟ್ ರೋಜರ್ ವಾಟರ್ಸ್‌ನ ಟೂರಲ್ಲಿ ಈ ಸೆಟ್ ದ ಕಂಟ್ರೋಲ್ಸ್ ಇತ್ತು, ಸಾಸರ್‌ಫುಲ್‌ನ ಹಾಡು ಅಷ್ಟು ವರ್ಷ ಬಾಳಿದೆ, ರಿಹರ್ಸಲ್ಲು ಅಂದೋನು ಇದಕ್ಕೇನಂತಾನೋ.

ಸರಿ, ಲಿಸ್ಟು. ಒಂದನೇದು ಮೆಟಿಲ್ಡಾ ಮದರ್. ಮೊದಲು ಕವಿ ಹಿಲೇರ್ ಬೆಲಾಕ್ ಪದ್ಯಗಳನ್ನೇ ಹಾಡಿದ್ರು, ಪರ್ಮಿಷನ್ ಸಿಗದೆ ಸಿಡ್ ಹೊಸದಾಗಿ ಬರೆದ, ಆ ಹಳೇ ಟೇಕು ಪೈಪರ್‌ನ 2007ರ ಮೂರು ಸಿಡಿ ಎಡಿಷನ್ನಲ್ಲಿದೆ. ಎರಡನ್ನೂ ಕೇಳಿ, ಪರ್ಮಿಷನ್ ಕೊಡದೆ ಇದ್ದೋರಿಗೆ ನಮಸ್ಕಾರ ಹಾಕ್ತೀರಾ. ಅದರಲ್ಲೂ ಕೀಬೋರ್ಡಿಸ್ಟ್ ರಿಕ್ ರೈಟ್ ಕಂಠ, ಆಮೇಲೆ ಆ ಆರ್ಗನ್ನು, ಯಾವ ಜೋಡಿಯಲ್ಲೂ ಸೋಲಲಿಲ್ಲ. ಎರಡು, ಜಗ್‌ಬ್ಯಾಂಡ್ ಬ್ಲೂಸ್, ಸಾಲ್ವೇಷನ್ ಆರ್ಮಿ ಅನ್ನೋ ಕ್ರೈಸ್ತ ಸಂಸ್ಥೆಯ ಬ್ಯಾಂಡ್ ನುಗ್ಗೋ ಜಾಗಕ್ಕೇ ಗೆದ್ದಿದ್ದು. ಮೂರು ಸೆಟ್ ದ ಕಂಟ್ರೋಲ್ಸ್, ನಾಲ್ಕು ಎಮಿಲಿ (ಎರಡನೇ ಸಲ ಇವೆರಡೇ ಜಗಳ ಆಡಿದ್ದು), ಐದು ಲೂಸಿಫರ್ ಸ್ಯಾಮ್. ಇಂಟರ್‌ಸ್ಟೆಲ್ಲರ್ 12ಕ್ಕೆ ಇಳೀತು, ಒಂಬತ್ತೂ ಮುಕ್ಕಾಲು ನಿಮಿಷದಲ್ಲಿ ನಡುವೆ ಒಂದು ಮೂರು ನಿಮಿಷ ಕತ್ತರಿಸಿದ್ರೆ ಟಾಪ್ ಐದರಲ್ಲಿ ಇರ್ತಿತ್ತು. ಕೊನೇದು ಇಟ್ ವುಡ್ ಬಿ ಸೋ ನೈಸ್, ಅದರ ಬಿ-ಸೈಡು ಜೂಲಿಯಾ ಡ್ರೀಮ್ 8ನೇ ಜಾಗದಲ್ಲಿದೆ, ಒಂದೇ ಪ್ಲೇಟಿನ ಎರಡು ಮಗ್ಗುಲು.

ಆಪಲ್ಸ್ ಅಂಡ್ ಆರೆಂಜಸ್ 9ಕ್ಕೆ ಬಂದಿದ್ದು ಯಾರಿಗೂ ಒಪ್ಪಿಗೆ ಇಲ್ಲ. 1967 ನವೆಂಬರಲ್ಲಿ ಬಂದಾಗ ಇಂಗ್ಲೆಂಡಲ್ಲೂ ಚಾರ್ಟಿಗೆ ಹತ್ತಲಿಲ್ಲ ಅಂತ ವಾದ ಹಾಕ್ತಾರೆ. ಹತ್ತದೆ ಇರಲಿ, ಮೋನೋನಲ್ಲಿ ಆ ವಾ-ವಾ ಅಂತ ಕೂಗೋ ಗಿಟಾರು ಒಂದ್ಸಲ ಕೇಳಿ ಬಂದು ಮಾತಾಡಿ.