ವ್ಯಾಪಾರ ಮೊದಲು, ಪಾಠ ಅನಂತರ: ಮುಂಬಯಿಯ ವಯಸ್ಕರ ತರಗತಿಯಲ್ಲಿ ನನ್ನ ಅನುಭವ

ಹೋಟೆಲ್ ಕಾರ್ಮಿಕರು, ಗೃಹಿಣಿಯರು ಮತ್ತು ಸ್ವಯಂನಿವೃತ್ತಿ ಪಡೆದವರಿಗಾಗಿ ನಮ್ಮ ಉಪನಗರದ ಕನ್ನಡ ಸಂಘದ ಕೋಣೆಯಲ್ಲಿ ಸಣ್ಣ ವ್ಯಾಪಾರದ ತರಗತಿಯನ್ನು ನಾನು ಕೆಲವು ವರ್ಷಗಳಿಂದ ನಡೆಸುತ್ತಿದ್ದೇನೆ. ಎರಡನೆಯ ವಾರದಿಂದಲೇ ಪ್ರತಿಯೊಬ್ಬರೂ ಏನನ್ನಾದರೂ ಮಾರತೊಡಗಿ, ಅದರ ಲೆಕ್ಕ ಬರೆದು ತರಬೇಕು ಎಂಬ ನನ್ನ ಕ್ರಮವನ್ನು ಆರಂಭದಲ್ಲಿ ಸಮಿತಿಯ ಹಿರಿಯರು ಒಪ್ಪಿರಲಿಲ್ಲ. "ಮಾಷ್ಟ್ರೇ, ಕಲಿಯುವುದಕ್ಕೆ ಮೊದಲೇ ಬಡವರ ಹಣ ಕಳೆಸುತ್ತೀರಲ್ಲ" ಎಂದು ಒಬ್ಬರು ಸಭೆಯಲ್ಲಿಯೇ ಹೇಳಿದ್ದರು. ಈಗ ಅವರೇ ತಮ್ಮ ಅಳಿಯನನ್ನು ಕಳುಹಿಸಿದ್ದಾರೆ. ಇಂಥ ತರಗತಿ ನಡೆಸುವ ಬೇರೆಯವರಿಗೂ ಉಪಯೋಗವಾಗಲಿ ಎಂದು ನೆನಪಿನಲ್ಲಿರುವಷ್ಟನ್ನು ಬರೆಯುತ್ತಿದ್ದೇನೆ.

ಮೊದಲ ತಂಡಕ್ಕೆ ಶುಲ್ಕವಿರಲಿಲ್ಲ. ರಾತ್ರಿ ಎಂಟರ ಹೊತ್ತಿಗೆ ತರಗತಿ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರ ಪರಂಪರೆ ಮುಂಬಯಿ ಕನ್ನಡಿಗರಲ್ಲಿ ದೊಡ್ಡದಾದುದರಿಂದ, ಅದೇ ಸಮಯ ಸರಿಯೆಂದು ಎಲ್ಲರೂ ಭಾವಿಸಿದ್ದರು. ಮೂವತ್ತಕ್ಕೂ ಹೆಚ್ಚು ಜನ ಹೆಸರು ಬರೆಸಿದರು. ತಿಂಗಳು ಕಳೆಯುವುದರೊಳಗೆ ಏಳೆಂಟು ಮಂದಿ ಉಳಿದರು. ಇಂದು ಹೋಟೆಲಿನವರಿಗೆ ರಾತ್ರಿ ಎಂಟೆಂದರೆ ಗಿರಾಕಿಗಳು ತುಂಬಿರುವ ಹೊತ್ತು. ಗೃಹಿಣಿಯರಿಗೆ ಅದು ಅಡುಗೆಯ ಸಮಯ. ಕಚೇರಿಗೆ ಹೋಗುವವರು ಲೋಕಲ್ ರೈಲಿನಿಂದ ಆಗಷ್ಟೇ ಇಳಿದಿರುತ್ತಾರೆ. ಎರಡನೆಯ ತಂಡಕ್ಕೆ ಭಾನುವಾರ ಬೆಳಿಗ್ಗೆ ಇಟ್ಟು, ಯಶಸ್ವಿ ಉದ್ಯಮಿಗಳನ್ನು ಕರೆಸಿ ಭಾಷಣ ಮಾಡಿಸಿದೆವು. ಬಂದವರು ಚಪ್ಪಾಳೆ ತಟ್ಟಿ ಹೋದರು. ಒಬ್ಬರೂ ಅಂಗಡಿ ತೆರೆಯಲಿಲ್ಲ. ಗಿರ್‌ಗಾಂವ್‌ನಲ್ಲಿ 1959ರಲ್ಲಿ ಏಳು ಮಹಿಳೆಯರು 80 ರೂಪಾಯಿ ಸಾಲದಿಂದ ಲಿಜ್ಜತ್ ಪಾಪಡ್ ಆರಂಭಿಸಿದ ಕಥೆಯನ್ನು ಆ ಭಾಷಣಗಳಲ್ಲಿ ಎಷ್ಟು ಸಲ ಕೇಳಿದೆವೋ ತಿಳಿಯದು. ಆದರೆ ಅಲ್ಲಿ ಲಟ್ಟಿಸಿದ ಹಪ್ಪಳದ ತೂಕಕ್ಕೆ ತಕ್ಕಂತೆ ಕೂಲಿ ಲೆಕ್ಕವಾಗುತ್ತದೆ ಎಂಬ, ನಮ್ಮವರಿಗೆ ನಿಜವಾಗಿ ಬೇಕಾಗಿದ್ದ ಸಂಗತಿಯನ್ನು ಯಾವ ಭಾಷಣಕಾರರೂ ಹೇಳಲಿಲ್ಲ.

ಊರಿನ ಕಡೆಯವರಿಗೆ ರುಡ್‌ಸೆಟ್ ಸಂಸ್ಥೆ ಪರಿಚಿತ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ಅದು ನಿರುದ್ಯೋಗಿ ಯುವಕರನ್ನು ತನ್ನಲ್ಲಿಯೇ ಉಳಿಸಿಕೊಂಡು ಸ್ವಂತ ಉದ್ಯೋಗದ ಉಚಿತ ತರಬೇತಿ ಕೊಡುತ್ತದೆ, ತರಬೇತಿಯ ನಂತರವೂ ಬೆನ್ನು ಬಿಡದೆ ವಿಚಾರಿಸುತ್ತದೆ. ಮುಂಬಯಿಯ ಹೋಟೆಲ್ ಮಾಣಿಯೊಬ್ಬ ಕೆಲಸ ಬಿಟ್ಟು ಎಲ್ಲಿಯೂ ತಂಗಿ ಕಲಿಯಲಾರ. ಆದ್ದರಿಂದ ವಸತಿಯ ಭಾಗವನ್ನು ಬಿಟ್ಟು, ಬೆನ್ನು ಬಿಡದ ಭಾಗವನ್ನು ನಾನು ತೆಗೆದುಕೊಂಡೆ.

ಮೂರನೆಯ ತಂಡದಿಂದ ವ್ಯವಸ್ಥೆ ಹೀಗಿದೆ. ತರಗತಿ ವಾರಕ್ಕೊಮ್ಮೆ, ಮಧ್ಯಾಹ್ನ ಮೂರೂವರೆಯಿಂದ ಐದರವರೆಗೆ, ಎಂದರೆ ಊಟದ ಗಿರಾಕಿಗಳು ಹೋಗಿ ಸಂಜೆಯ ತಿಂಡಿಯ ಗಿರಾಕಿಗಳು ಬರುವ ನಡುವಿನ ಬಿಡುವಿನಲ್ಲಿ. ಪ್ರತಿಯೊಬ್ಬರೂ ಸೇರುವಾಗ ಎರಡು ಸಾವಿರ ರೂಪಾಯಿ ಕಟ್ಟುತ್ತಾರೆ. ಅದರಲ್ಲಿ ಸಾವಿರ ಶುಲ್ಕ. ಉಳಿದ ಸಾವಿರವನ್ನು ಎರಡನೆಯ ವಾರ ಅವರ ಕೈಗೇ ಹಿಂದಿರುಗಿಸಿ, ಇದೇ ನಿಮ್ಮ ಬಂಡವಾಳ, ಮುಂದಿನ ವಾರ ಇದರಿಂದ ಏನನ್ನಾದರೂ ಕೊಂಡು ಅಥವಾ ತಯಾರಿಸಿ ಮಾರಿಕೊಂಡು ಬನ್ನಿ ಎನ್ನುತ್ತೇನೆ. ತಮ್ಮದೇ ಹಣವಾದುದರಿಂದ ಯಾರೂ ಉಡಾಫೆ ಮಾಡುವುದಿಲ್ಲ. ಸಾವಿರಕ್ಕಿಂತ ಹೆಚ್ಚು ಕಳೆಯುವಂತೆಯೂ ಇಲ್ಲ. ಒಂದು ತಂಡಕ್ಕೆ ಕೋಣೆಯ ಬಾಡಿಗೆ, ಪುಸ್ತಕ, ಜೆರಾಕ್ಸ್, ಚಹಾ, ಹೊರಗಿನಿಂದ ಬರುವ ಒಬ್ಬಿಬ್ಬರ ಪ್ರಯಾಣವೆಲ್ಲ ಸೇರಿ ಇಪ್ಪತ್ತು ಸಾವಿರದ ಆಸುಪಾಸು ತಗಲುತ್ತದೆ. ಇಪ್ಪತ್ತೆರಡು ಮಂದಿ ಸೇರಿದರೆ ಸಂಘದ ಮುಂದೆ ಕೈಯೊಡ್ಡುವ ಅಗತ್ಯವಿಲ್ಲ.

ಲೆಕ್ಕದ ಪುಸ್ತಕದಲ್ಲಿ ನನ್ನದೇ ಆದ ಒಂದು ಅಂಕಣ ಕ್ರಮವಿದೆ. ಅದನ್ನು ತರಗತಿಗೆ ಬಂದವರಿಗೆ ಮಾತ್ರ ಕೊಡುತ್ತೇನೆ. ಅದರಲ್ಲಿ ತಮ್ಮ ದುಡಿಮೆಗೆ ಬೆಲೆ ಕಟ್ಟದೆ ಮುಂದಿನ ಸಾಲಿಗೆ ಹೋಗಲು ಸಾಧ್ಯವಿಲ್ಲ ಎಂದಷ್ಟೇ ಹೇಳಬಲ್ಲೆ. ಇಡ್ಲಿ ಹಿಟ್ಟು ಮಾರುತ್ತಿದ್ದ ಅಕ್ಕ ಒಬ್ಬರು ಕಿಲೋಗೆ ಮೂವತ್ತು ರೂಪಾಯಿ ಅಸಲು, ಅರವತ್ತಕ್ಕೆ ಮಾರಾಟ, ಅರ್ಧಕ್ಕರ್ಧ ಲಾಭ ಎಂದು ನಂಬಿದ್ದರು. ಅಕ್ಕಿ ಮತ್ತು ಉದ್ದಿನ ಮಟ್ಟಿಗೆ ಅದು ಸರಿಯಾಗಿಯೇ ಇತ್ತು. ಚೀಲ, ವಿದ್ಯುತ್ತು, ಗ್ರೈಂಡರಿನ ಸವೆತ, ಮನೆಮನೆಗೆ ಮುಟ್ಟಿಸಲು ಗಂಡನ ಸ್ಕೂಟರಿಗೆ ಪೆಟ್ರೋಲು, ಮೇ ತಿಂಗಳ ಸೆಕೆಯಲ್ಲಿ ಹುಳಿಬಂದು ಚೆಲ್ಲಿದ್ದು ಎಲ್ಲವನ್ನೂ ಬರೆಸಿದಾಗ ಅಸಲು ನಲವತ್ತೇಳು, ನಲವತ್ತೆಂಟಕ್ಕೆ ಬಂತು. ದಿನಕ್ಕೆ ಹದಿನೈದು ಕಿಲೋ ಮಾರಿದರೂ ಬೆಳಗಿನ ನಾಲ್ಕರಿಂದ ದುಡಿದುದಕ್ಕೆ ಸುಮಾರು ಇನ್ನೂರು ರೂಪಾಯಿ ಮಾತ್ರ ಉಳಿಯುತ್ತಿತ್ತು. ಅವರು ಬೆಲೆಯನ್ನು ಎಪ್ಪತ್ತೈದಕ್ಕೆ ಏರಿಸಿ, ಮನೆಮನೆಗೆ ಹೋಗುವುದನ್ನು ನಿಲ್ಲಿಸಿ, ಎರಡು ಕಟ್ಟಡಗಳ ಗೇಟಿನಲ್ಲಿ ನಿಗದಿತ ಸಮಯಕ್ಕೆ ಕೊಡತೊಡಗಿದರು. ನಾಲ್ಕೈದು ಗಿರಾಕಿಗಳು ಬಿಟ್ಟುಹೋದರು, ಆದಾಯ ಎರಡು ಪಟ್ಟಿಗಿಂತ ಹೆಚ್ಚಾಯಿತು.

ನನಗೆ ಹೆಚ್ಚು ತೃಪ್ತಿ ಕೊಟ್ಟದ್ದು ಮಾತ್ರ ಅಂಗಡಿ ತೆರೆಯದೆ ಹೋದ ಒಬ್ಬರ ಪ್ರಕರಣ. ಹೋಟೆಲಿನಲ್ಲಿ ಕ್ಯಾಪ್ಟನ್, ಎಂದರೆ ಮಾಣಿಗಳ ಮೇಲ್ವಿಚಾರಕ, ಆಗಿದ್ದ ಅವರು ಭವಿಷ್ಯನಿಧಿಯ ಹಣವನ್ನೆಲ್ಲ ತೆಗೆದು ನಿಲ್ದಾಣದ ಹತ್ತಿರ ಜ್ಯೂಸ್ ಸೆಂಟರ್ ಹಾಕಲು ಹೊರಟಿದ್ದರು: ಹನ್ನೊಂದು ತಿಂಗಳ ಕರಾರು, ಎರಡು ಲಕ್ಷ ಡಿಪಾಸಿಟ್, ತಿಂಗಳಿಗೆ ಮೂವತ್ತೈದು ಸಾವಿರ ಬಾಡಿಗೆ. ಇಬ್ಬರು ಹುಡುಗರ ಸಂಬಳ ಮತ್ತು ಊಟಕ್ಕೆ ಮೂವತ್ತು ಸಾವಿರ, ವಿದ್ಯುತ್ತು ಮತ್ತು ಮಂಜುಗಡ್ಡೆಗೆ ಎಂಟು ಸಾವಿರ ಎಂದು ಹಿಡಿದರೆ, ಒಂದು ಲೋಟ ಮಾರುವ ಮೊದಲೇ ತಿಂಗಳಿಗೆ ಎಪ್ಪತ್ಮೂರು ಸಾವಿರದ ಹೊರೆ. ಹಣ್ಣು, ಸಕ್ಕರೆ ಕಳೆದು ಲೋಟಕ್ಕೆ ಇಪ್ಪತ್ತೆರಡು ರೂಪಾಯಿ ಉಳಿಯುವುದಾದರೆ, ತಮಗಾಗಿ ಒಂದು ಪೈಸೆಯನ್ನೂ ತೆಗೆದುಕೊಳ್ಳದೆ ದಿನಕ್ಕೆ ಸುಮಾರು ನೂರ ಹತ್ತು ಲೋಟ ಹೋಗಬೇಕು. ಅದೇ ರಸ್ತೆಯ ಇನ್ನೊಂದು ಅಂಗಡಿಯ ಎದುರು ಜುಲೈ ಮಳೆಯಲ್ಲಿ ಮೂರು ದಿನ ನಿಂತು ಎಣಿಸಿ ಬರಲು ಅವರಿಗೆ ಹೇಳಿದೆ. ದಿನಕ್ಕೆ ಅರವತ್ತರ ಸುಮಾರು ಲೆಕ್ಕ ಬಂತು. ಮಳೆ ಇಲ್ಲಿ ನಾಲ್ಕು ತಿಂಗಳು ಹಿಡಿಯುತ್ತದೆ. "ಮಾಷ್ಟ್ರೇ, ಊರಿನ ಜಾಗ ಅಡವಿಡುವವನಿದ್ದೆ" ಎಂದು ಅವರು ಮೆಲ್ಲಗೆ ಹೇಳಿದರು. ನೌಕರಿಯನ್ನು ಉಳಿಸಿಕೊಂಡೇ, ಹೆಂಡತಿಯ ಕೈಯಡುಗೆಯಿಂದ ಹನ್ನೆರಡು ಡಬ್ಬಗಳ ಖಾನಾವಳಿ ಆರಂಭಿಸಿದರು. ಈಗ ನಲವತ್ತರ ಹತ್ತಿರ ಇದೆ. ಹೀಗೆ ಲೆಕ್ಕ ನೋಡಿ ಹಿಂದೆ ಸರಿದವರನ್ನು ನಾನು ತೇರ್ಗಡೆಯಾದವರೆಂದೇ ಎಣಿಸುತ್ತೇನೆ.

ನಡುವೆ ಮಾಡಿದ ಕೆಲವು ಪ್ರಯೋಗಗಳಲ್ಲಿ ವಾಶಿಯ ಎಪಿಎಂಸಿ ಎಂಬ ಸಗಟು ಮಾರುಕಟ್ಟೆಯದ್ದು ಹೇಳತಕ್ಕದ್ದು. ಸಗಟಿನಲ್ಲಿ ಕೊಂಡರೆ ಉಳಿತಾಯ ಎಂಬ ಮಾತನ್ನು ಪರೀಕ್ಷಿಸಲು ಎಲ್ಲರನ್ನೂ ಅಲ್ಲಿಗೆ ಕಳುಹಿಸಿದೆ. ಹತ್ತು ಕಿಲೋ ಕೊಂಡವರಿಗೆ ಕಿಲೋಗೆ ಐದಾರು ರೂಪಾಯಿ ಉಳಿದರೂ ರಿಕ್ಷಾ ಖರ್ಚು ಮತ್ತು ಅರ್ಧ ದಿನದ ದುಡಿಮೆ ಅದನ್ನು ನುಂಗಿತು. ನಾಲ್ವರು ಸೇರಿ ಮೂಟೆ ಕೊಂಡು ಟೆಂಪೋ ಹಂಚಿಕೊಂಡಾಗ ಮಾತ್ರ ಕೈಗೆ ಹತ್ತಿತು, ಆ ನಾಲ್ವರ ಕೂಟ ಇಂದಿಗೂ ಮುಂದುವರಿದಿದೆ. ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶಗಳ ಮೂಲಕ ಪಾಠ ಮಾಡುವ ಪ್ರಯತ್ನವನ್ನು ಮಾತ್ರ ಬೇಗನೆ ಕೈಬಿಟ್ಟೆ. ಎಲ್ಲರೂ ಕೇಳುತ್ತಿದ್ದರು, ಯಾರೂ ಬರೆಯುತ್ತಿರಲಿಲ್ಲ.

ಕಾಗದಪತ್ರಗಳ ಪಾಠವನ್ನು ನಾನು ಎಂಟನೆಯ ವಾರಕ್ಕೆ ತಳ್ಳಿದ್ದೇನೆ, ಏಕೆಂದರೆ ಅಷ್ಟರಲ್ಲಿ ಯಾರಿಗೆ ಯಾವ ಕಾಗದ ಬೇಕೆಂಬುದು ಅವರ ಪುಸ್ತಕದಿಂದಲೇ ತಿಳಿದಿರುತ್ತದೆ. ಸಣ್ಣ ಉದ್ಯಮಗಳಿಗಾಗಿ ಸರ್ಕಾರ ಯಾವ ಶುಲ್ಕವೂ ಇಲ್ಲದೆ ಮಾಡಿಕೊಡುವ ಉದ್ಯಮ್ ನೋಂದಣಿಗೆ ನಮ್ಮ ವಿದ್ಯಾರ್ಥಿನಿಯೊಬ್ಬರು ದಲ್ಲಾಳಿಗೆ ಎರಡು ಸಾವಿರ ಕೊಟ್ಟು ಬಂದಿದ್ದರು. ಕೆಲಸಗಾರರು ಕೆಲವೇ ಮಂದಿ ಇದ್ದರೆ ಮಹಾರಾಷ್ಟ್ರದ 2017ರ ಕಾಯ್ದೆಯ ಪ್ರಕಾರ ಗುಮಾಸ್ತಾಕ್ಕೆ, ಎಂದರೆ ಅಂಗಡಿಯ ನೋಂದಣಿಗೆ, ಬರಿಯ ಸೂಚನೆ ಸಲ್ಲಿಸಿದರೆ ಸಾಕು ಎಂಬುದನ್ನೂ ಅನೇಕರು ಇಲ್ಲಿಯೇ ಮೊದಲು ಕೇಳುತ್ತಾರೆ. ಸಾಲದ ವಿಷಯದಲ್ಲಿ ನನ್ನ ನಿಲುವು ಕಟ್ಟುನಿಟ್ಟಾದದ್ದು: ಸಣ್ಣ ವ್ಯಾಪಾರಿಗಳಿಗಾಗಿರುವ ಸರ್ಕಾರದ ಮುದ್ರಾ ಸಾಲ ಯೋಜನೆಯ ಶಿಶು ವಿಭಾಗದಲ್ಲಿ ಐವತ್ತು ಸಾವಿರದವರೆಗೆ ಅಡಮಾನವಿಲ್ಲದೆ ಸಿಗುತ್ತದೆಂದು ಮೊದಲೇ ಓಡಬಾರದು, ಮೂರು ತಿಂಗಳ ದಿನವಹಿ ಲೆಕ್ಕ ಕೈಯಲ್ಲಿದ್ದಾಗ ಮಾತ್ರ ಅರ್ಜಿ ಹಾಕಬೇಕು. ಸಹಕಾರಿ ಬ್ಯಾಂಕೊಂದರ ಸಾಲ ವಿಭಾಗದಲ್ಲಿ ಬಹುಕಾಲ ಕುಳಿತವನಾದ್ದರಿಂದ, ಅಂಥ ಪುಸ್ತಕವನ್ನು ಮೇಜಿನ ಮೇಲಿಟ್ಟವರ ಅರ್ಜಿಗೆ ಎಷ್ಟು ತೂಕ ಬರುತ್ತದೆಂಬುದನ್ನು ನಾನು ಬಲ್ಲೆ.

ಈ ಕ್ರಮದಲ್ಲಿ ಇದುವರೆಗೆ ಅರವತ್ತರಷ್ಟು ಮಂದಿ ಕಲಿತಿದ್ದು, ಇಪ್ಪತ್ತೈದರಷ್ಟು ಮಂದಿ ವರ್ಷ ಕಳೆದ ಮೇಲೂ ವ್ಯಾಪಾರದಲ್ಲಿದ್ದಾರೆ. ನಮ್ಮ ಸುತ್ತಲಿನ ಯಾವ ತರಗತಿಯೂ ಇಷ್ಟನ್ನು ಸಾಧಿಸಿದ್ದು ನನಗೆ ಕಂಡಿಲ್ಲ. ಸೇರುವವರಿಗೆ ಮೊದಲ ದಿನ ನಾನು ಕೇಳುವ ಒಂದು ಪ್ರಶ್ನೆಯಿಂದ ಯಾರು ಕೊನೆಯವರೆಗೆ ನಿಲ್ಲುತ್ತಾರೆಂದು ಬಹುಮಟ್ಟಿಗೆ ಗೊತ್ತಾಗುತ್ತದೆ. ಅದನ್ನು ಇಲ್ಲಿ ಬರೆದರೆ ಮುಂದಿನ ತಂಡದವರು ಉತ್ತರ ಸಿದ್ಧಪಡಿಸಿಕೊಂಡು ಬರುವುದರಿಂದ ಬರೆಯುವುದಿಲ್ಲ. ತರಗತಿ ಮುಗಿದ ಮೇಲೆ ಒಂದು ವರ್ಷ, ತಿಂಗಳ ಮೊದಲ ವಾರದಲ್ಲಿ ಎಲ್ಲರೂ ಪುಸ್ತಕ ತಂದು ತೋರಿಸಬೇಕು. ಸದ್ಯ ಅವುಗಳಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿರುವುದು ಉಧಾರಿ. ನೆಂಟರು, ಊರವರು ಎಂಬ ದಾಕ್ಷಿಣ್ಯದಿಂದ ಕೊಟ್ಟ ಸಾಮಾನಿನ ಬಾಕಿ ಕೆಲವರಲ್ಲಿ ಬಂಡವಾಳದ ಮೂರನೆಯ ಒಂದು ಭಾಗದಷ್ಟಾಗಿದೆ. ಬರುವ ತಂಡದಿಂದ ಉಧಾರಿಗೆ ಬೇರೆಯೇ ಪುಟ ಮಾಡಿಸಿ, ಹದಿನೈದು ದಿನ ದಾಟಿದ ಬಾಕಿಯನ್ನು ನಷ್ಟದ ಅಂಕಣದಲ್ಲಿಯೇ ಬರೆಸಬೇಕೆಂದಿದ್ದೇನೆ.